ಬಾಗಿಲ ಸಂದಿನ ಬಟ್ಟೆ

ಮೇ ತಿಂಗಳ ಒಂದು ಮಂಗಳವಾರ. ಅವತ್ತು ಏನೂ ಆಗಲಿಲ್ಲ. ಏನೂ ಆಗದ ಕೊನೆಯ ದಿನ ಅದು. ಅಲ್ಲಿಂದಲೇ ಬರೆಯುತ್ತೇನೆ.

ಬೆಳಿಗ್ಗೆ ಐದೂವರೆಗೆ ಎದ್ದೆ. ಹಿಂದಿನ ಸಂಜೆ ಆಂಧಿ, ಇಲ್ಲಿನ ಧೂಳುಗಾಳಿ, ಬೀಸಿ ಬಾಲ್ಕನಿಯ ಕಟ್ಟೆಯ ಮೇಲೆ ಧೂಳು ದಪ್ಪಗೆ ಕೂತಿತ್ತು. ದೆಹಲಿಯಲ್ಲಿ ನೀರಿಗೆ ಬರ ಬರುತ್ತದೆ, ಧೂಳಿಗೆ ಬರ ಇಲ್ಲ. ಗುಡಿಸಿ ಮೊರಕ್ಕೆ ತೆಗೆದುಕೊಂಡೆ. ಹಳೆಯ ತೆಳು ಪಂಚೆಯ ತುಂಡನ್ನು ಡಬ್ಬಿಯ ಬಾಯಿಗೆ ಕಟ್ಟಿ ವಸ್ತ್ರಗಾಳಿತ ಮಾಡಿದೆ. ಊರಲ್ಲಿ ಸೀಗೆಪುಡಿಯನ್ನು ಹೀಗೆ ಮಾಡುತ್ತಿದ್ದೆವು. ಕೆಳಗೆ ಇಳಿದದ್ದು ವಿಭೂತಿಯಷ್ಟು ನುಣ್ಣಗಿತ್ತು. ಒಂದು ಹಿಡಿ. ನನ್ನ ಗಂಡನ ಕೆಲಸಕ್ಕೆ ಅಷ್ಟು ಸಾಕು.

ಅವರ ಹೆಸರು ಮಹಂತೇಶ್. ಇದ್ದಾಗ ನಾನು ಹೆಸರು ಹಿಡಿದು ಕರೆದವಳಲ್ಲ. ಬರೆಯುವಾಗ ಬರೆಯಲೇಬೇಕು. ಹರಿಹರದ ಹತ್ತಿರದ ಹಳ್ಳಿಯವರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಇಪ್ಪತ್ತಾರು ವರ್ಷದ ಹಿಂದೆ ದೆಹಲಿಯ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಗೆ ಲ್ಯಾಬ್ ಅಟೆಂಡರ್ ಆಗಿ ಸೇರಿದರು. ಗಾಜು ತೊಳೆಯುವುದರಿಂದ ಶುರು ಮಾಡಿದರು. ನಮಗೆ ಆರ್.ಕೆ.ಪುರಂನಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್. ಅಲ್ಲಿಂದ ಸಂಸ್ಥೆಗೆ ನಡೆದರೆ ಇಪ್ಪತ್ತು ನಿಮಿಷ. ಒಬ್ಬಳೇ ಮಗಳು, ಹಂಸಾ. ಗುರುಗ್ರಾಮದಲ್ಲಿ ಕೆಲಸ. ಬೆಳಿಗ್ಗೆ ಮೆಟ್ರೋ ಹತ್ತಿದರೆ ಕತ್ತಲಾದ ಮೇಲೆ ಬರುತ್ತಾಳೆ.

ನಾನು ನಾಲ್ಕನೇ ಕ್ಲಾಸು. ಅವರ ಕೆಲಸ ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಆ ಮಂಗಳವಾರ ಸಂಜೆ ಅವರು ಅಡುಗೆಮನೆಗೆ ಬಂದು ಇನ್ನೊಂದು ಸಲ ತಿಳಿಸಿದರು. ನಾನು ರೊಟ್ಟಿ ಬಡಿಯುತ್ತಿದ್ದೆ.

"ರತ್ನಾ, ಫ್ಯಾನ್ ಆರಿಸು."

"ಹೊರಗೆ ನಲವತ್ತೈದು ಡಿಗ್ರಿ ಐತೆ. ಫ್ಯಾನ್ ಆರಿಸಿ ನನ್ನೂ ಹಂಚಿನ ಮೇಲೆ ಹಾಕ್ರಿ."

"ಒಂದೇ ನಿಮಿಷ. ಒಂದು ತೋರಿಸ್ತೀನಿ."

"ನಿಮ್ಮ ಲ್ಯಾಬಿನಲ್ಲಿ ಹಂಚಿಲ್ವಾ?"

"ಐತೆ. ರೊಟ್ಟಿ ಇಲ್ಲ."

ಫ್ಯಾನ್ ಆರಿಸಿದೆ. ಅವರು ಖಾಲಿ ಹಂಚಿನ ಮೇಲೆ ಒಂದು ಚಿಟಿಕೆ ಹಿಟ್ಟು ಉದುರಿಸಿದರು. ಹಿಟ್ಟು ಕರಕಾಗಿ ಹೊಗೆ ಎದ್ದಿತು.

"ನೋಡು, ಹೊಗೆ ಎಲ್ಲಾ ಕಡೆ ಸಮನಾಗಿ ಏಳಲ್ಲ. ಗೆರೆಗೆರೆಯಾಗಿ ಏಳ್ತದೆ. ಬಿಸಿಲಿಗೆ ಕಾದ ಬಯಲಿನಲ್ಲೂ ಹಂಗೇ. ಗೆರೆಗಳು ಸೇರೋ ಕಡೆ ಬಿಸಿ ಗಾಳಿ ಜೋರಾಗಿ ಮೇಲಕ್ಕೆ ಹೋಗ್ತದೆ. ಖಾಲಿಯಾದ ಜಾಗ ತುಂಬೋಕೆ ಸುತ್ತಲಿನ ಗಾಳಿ ಓಡಿ ಬರ್ತದೆ. ನೆಟ್ಟಗೆ ಬರಲ್ಲ, ತುಸು ಓರೆಯಾಗಿ ಬರ್ತದೆ. ನೀವು ಹುಡುಗೀರು ಫುಗಡಿ ಆಡ್ತಿರಲಿಲ್ವಾ, ಕೈ ಕೈ ಹಿಡಕೊಂಡು? ದೂರ ಚಾಚಿದ್ರೆ ನಿಧಾನ. ಹತ್ತಿರ ಎಳಕೊಂಡ್ರೆ ಗಿರ್ರ್ ಅಂತದೆ. ಆ ಗಾಳಿನೂ ಹಂಗೇ ಒಳಗೆ ಬಂದಷ್ಟೂ ಜೋರಾಗಿ ತಿರುಗ್ತದೆ. ಅದೇ ಸುಂಟರಗಾಳಿ."

"ನಾವು ತಲೆ ತಿರುಗಿ ಬೀಳ್ತಿದ್ವಿ."

"ಅದೂ ಬೀಳ್ತದೆ. ಸ್ವಲ್ಪ ಹೊತ್ತು ತಿರುಗಿ ಬಿದ್ದು ಹೋಗ್ತದೆ."

"ನಮ್ಮವ್ವ ಅದನ್ನ ದೆವ್ವ ಅಂತಿದ್ದಳು. ಕಂಡ್ರೆ ಉಗೀರಿ ಅಂತಿದ್ದಳು."

"ನಿಮ್ಮವ್ವ ನನ್ನ ಕಂಡ್ರೂ ಹಂಗೇ ಅಂತಿದ್ದಳು," ಎಂದರು.

ಇನ್ನೊಂದು ಮಾತು ಹೇಳಿದರು. ಬಯಲಿನಲ್ಲಿ ಧೂಳಿಲ್ಲದ ಸುಳಿಗಳೂ ಬೇಕಾದಷ್ಟು ಏಳುತ್ತವಂತೆ. ಧೂಳು ಸಿಕ್ಕಿದ್ದು ಮಾತ್ರ ನಮ್ಮ ಕಣ್ಣಿಗೆ ಕಾಣುತ್ತದೆ. ಉಳಿದವು ನಮ್ಮ ಪಕ್ಕದಲ್ಲೇ ಎದ್ದು ಪಕ್ಕದಲ್ಲೇ ಹೋಗುತ್ತವೆ.

ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ. ಉಂಡ ಮೇಲೆ ಎದೆ ಉರಿ ಅಂದರು. ಜೀರಿಗೆ ನೀರು ಕುದಿಸಿ ಕೊಟ್ಟೆ. ಡಿಸ್ಪೆನ್ಸರಿಗೆ ಹೋಗೋಣ ಅಂದೆ. "ನಾಳೆ ರೀಡಿಂಗ್ ಐತೆ. ಗುರುವಾರ ಹೋಗೋಣ," ಅಂದರು. ನಾನು ಹೂಂ ಅಂದೆ.

ಮಂಗಳವಾರ ಅಷ್ಟೇ.

ರೀಡಿಂಗ್ ಅಂದರೆ ಏನು ಅಂತ ಬರೆಯಬೇಕು. ಧಾರಿಣಿ ಅಂತ ಒಬ್ಬ ಹುಡುಗಿ, ಮೈಸೂರಿನವಳು, ಆ ಲ್ಯಾಬಿನಲ್ಲಿ ಪಿಎಚ್‌.ಡಿ. ಮಾಡುತ್ತಾಳೆ. ಕೋಣೆಯೊಳಗೆ ಪುಟ್ಟ ಸುಂಟರಗಾಳಿ ಎಬ್ಬಿಸಿ, ಅದು ಹೇಗೆ ಹುಟ್ಟುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ನೋಡುವುದು ಅವಳ ಕೆಲಸ. ಫ್ಯಾನ್ ಇಟ್ಟು ಗಾಳಿ ತಿರುಗಿಸುವವರು ಬೇರೆ ಕಡೆ ಇದ್ದಾರಂತೆ. ಇವಳಿಗೆ ಅದು ಬೇಡ. ಬಯಲಿನಲ್ಲಿ ಯಾರೂ ಫ್ಯಾನ್ ಇಟ್ಟಿಲ್ಲ, ಇಲ್ಲೂ ತಾನಾಗಿ ಏಳಬೇಕು ಅನ್ನುತ್ತಾಳೆ.

ಮಂಚದಗಲದ ಒಂದು ಲೋಹದ ತಟ್ಟೆ. ಅಡಿಯಲ್ಲಿ ಹೀಟರು. ಸುತ್ತ ಪ್ಲಾಸ್ಟಿಕ್ ಪರದೆ. ಮೇಲೆ ಕ್ಯಾಮೆರಾ, ಪಕ್ಕದಿಂದ ಹಾಳೆಯಷ್ಟು ತೆಳ್ಳಗೆ ಹಸಿರು ಬೆಳಕು. ಎ.ಸಿ., ಫ್ಯಾನು ಎಲ್ಲ ಬಂದ್. ತಟ್ಟೆಯನ್ನು ನಿಧಾನವಾಗಿ ಕಾಯಿಸಬೇಕು. ಕೋಣೆಯ ಗಾಳಿ ಪೂರಾ ಶಾಂತವಾಗಬೇಕು. ಆಮೇಲೆ ಉದ್ದ ಕೊಳವೆಯಿಂದ ನನ್ನ ಧೂಳು ಒಂದಿಷ್ಟು, ಊದುಬತ್ತಿಯ ಹೊಗೆ ಒಂದಿಷ್ಟು ಬಿಡಬೇಕು. ಏಳುತ್ತದೆ ಅಂತ ಹೇಳಲು ಬರುವುದಿಲ್ಲ. ಎದ್ದರೆ ಗೇಣುದ್ದ. ಇಪ್ಪತ್ತು ಸೆಕೆಂಡು ಇದ್ದರೆ ಅವತ್ತು ಹಬ್ಬ. ನಾಲ್ಕು ವರ್ಷದಲ್ಲಿ ಅತಿ ಹೆಚ್ಚು ನಿಂತದ್ದು ನಲವತ್ತೊಂದು ಸೆಕೆಂಡು. ಆ ಸಂಜೆ ಇವರು ದಾರಿಯಲ್ಲಿ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಬಂದಿದ್ದರು.

ಹೀಟರ್ ಉರಿಯುವಾಗ ಒಳಗೆ ಒಬ್ಬರು ಇರಲೇಬೇಕು. ಇದ್ದವರು ಅಲ್ಲಾಡಬಾರದು. ಒಬ್ಬರು ಎದ್ದು ನಾಲ್ಕು ಹೆಜ್ಜೆ ನಡೆದರೆ ನಾಲ್ಕು ಗಂಟೆ ಕಾದದ್ದು ಹಾಳು. ಓದಿದ ಹುಡುಗರಿಗೆ ಹತ್ತು ನಿಮಿಷ ಸುಮ್ಮನೆ ಕೂರಲು ಬರುವುದಿಲ್ಲ. ನನ್ನ ಗಂಡನಿಗೆ ಬರುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಕೈ ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೂರುತ್ತಿದ್ದರು. ಪೂಜೆಗೆ ಕೂತರೂ ಅಷ್ಟು ನೆಟ್ಟಗೆ ಕೂರುತ್ತಿರಲಿಲ್ಲ. ಧಾರಿಣಿ ಹೇಳುತ್ತಿದ್ದಳು, "ಅಂಕಲ್ ಒಳಗಿದ್ದರೆ ಕೋಣೆ ಖಾಲಿ ಇದ್ದ ಹಾಗೆ."

ಬಾಗಿಲ ಅಡಿಯಲ್ಲಿ ಎರಡು ಬೆರಳಿನ ಸಂದು. ಹೊರಗಿನ ಓಣಿಯಲ್ಲಿ ಕೂಲರ್ ಬೀಸುತ್ತದೆ. ಆ ಗಾಳಿ ಒಳಗೆ ಬರಬಾರದು ಅಂತ ಒಳಗಿನಿಂದ ಬಟ್ಟೆ ತುರುಕುತ್ತಿದ್ದರು. ನನ್ನ ಹಳೆಯ ಹಸಿರು ಇಳಕಲ್ ಸೀರೆಯ ತುಂಡು ಅದು.

ಬಾಗಿಲ ಮೇಲೆ ಕೆಂಪು ಬೋರ್ಡು. ಹಿಂದಿಯಲ್ಲಿ 'ಪ್ರಯೋಗ ನಡೆಯುತ್ತಿದೆ, ಬಾಗಿಲು ತೆರೆಯಬೇಡಿ' ಅಂತ ಬರೆದಿದೆ. ಅದರ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಸಣ್ಣ ಕನ್ನಡ ಅಕ್ಷರ. 'ರತ್ನಾ, ತಟ್ಟಬೇಡ.' ಅದು ನನಗಾಗಿ. ಒಮ್ಮೆ ಊಟದ ಡಬ್ಬಿ ತಂದವಳು ತಟ್ಟಿ, ಐದು ಗಂಟೆಯ ಕೆಲಸ ಕೆಡಿಸಿದ್ದೆ. ಇವರು ಬೈಯಲಿಲ್ಲ. ಮರುದಿನ ಹೋದಾಗ ಆ ಅಕ್ಷರ ಇತ್ತು. ಅಂದಿನಿಂದ ಬೋರ್ಡು ಕಂಡರೆ ನಾನು ಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಂಡು, ಚಪ್ಪಲಿ ಎತ್ತಿಡುತ್ತ ಹೋಗಿ, ಡಬ್ಬಿಯನ್ನು ಸ್ಟೂಲಿನ ಮೇಲೆ ಇಟ್ಟು ಬರುತ್ತಿದ್ದೆ.

ಬುಧವಾರವೂ ಹಾಗೇ ಮಾಡಿದೆ.

ಗೇಟಿನಲ್ಲಿ ಗಾರ್ಡ್ ವಿಕ್ರಮ್ ಪುಸ್ತಕ ಮುಂದೆ ಮಾಡಿದ. "ಅಮ್ಮಾಜಿ, ಇವತ್ತೂ ಬದನೆಕಾಯಿ?" ಎಂದು ಹಿಂದಿಯಲ್ಲಿ ಕೇಳಿದ.

"ನಿನಗೆ ಮೂಗು ಚುರುಕು ಭಯ್ಯಾ," ಅಂದೆ. ನಕ್ಕ. ಗಂಟೆ ಬರೆದು ಸಹಿ ಮಾಡಿದೆ.

ಬೋರ್ಡು ಇತ್ತು. ಬಾಗಿಲ ಮುಂದೆ ಒಂದು ನಿಮಿಷ ನಿಂತೆ. ಕಿವಿ ಇಟ್ಟೆ. ಹೀಟರಿನ ಗುಂಯ್ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ರಾತ್ರಿಯ ಎದೆ ಉರಿ ನೆನಪಾಯಿತು. ಕೈ ಮೇಲೆತ್ತಿದೆ. ಬೋರ್ಡಿನ ಅಕ್ಷರ ನೋಡಿ ಇಳಿಸಿದೆ. ಡಬ್ಬಿ ಇಟ್ಟೆ. ಬಂದೆ.

ಮೂರೂಮುಕ್ಕಾಲಿಗೆ ಧಾರಿಣಿ ಕ್ಲಾಸು ಮುಗಿಸಿ ಬಂದಳು. ಡಬ್ಬಿ ಸ್ಟೂಲಿನ ಮೇಲೆ ಹಾಗೇ ಇತ್ತು. ಅದನ್ನು ನೋಡಿ ಬಾಗಿಲು ತೆರೆದಳು. ಚಿಲಕ ಹಾಕಿರಲಿಲ್ಲ. ಎಂದೂ ಹಾಕುತ್ತಿರಲಿಲ್ಲ. ಬೋರ್ಡೇ ಸಾಕಾಗಿತ್ತು.

ಇವರು ಬಾಗಿಲ ಹತ್ತಿರ ಬೋರಲಾಗಿ ಬಿದ್ದಿದ್ದರು. ಕೈ ಮುಂದೆ ಚಾಚಿತ್ತು. ಮುಷ್ಟಿಯಲ್ಲಿ ಸೀರೆಯ ತುಂಡು. ಅರ್ಧ ಮುಷ್ಟಿಯಲ್ಲಿ, ಅರ್ಧ ಸಂದಿನಲ್ಲಿ. ಹೃದಯಾಘಾತ ಎಂದರು ಡಾಕ್ಟರು. ಬೇಗ ಹೋಗಿರಬೇಕು ಎಂದರು. ಬೇಗ ಅಂದರೆ ಎಷ್ಟು ನಿಮಿಷ ಅಂತ ಕೇಳಿದೆ. ಒಂದು ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಂಡರು.

ಊರಿಗೆ ಒಯ್ದು ಮಣ್ಣು ಮಾಡಿದೆವು. ಅಲ್ಲಿ ಇವರ ಅಣ್ಣ ಬಸಪ್ಪ, ಬಂದವರಿಗೆಲ್ಲ ಒಂದೇ ಕತೆ ಹೇಳಿದರು. "ಜೀವ ಹೋಗೋ ಹೊತ್ತಿನಲ್ಲೂ ಸಂದು ಮುಚ್ಚೋಕೆ ಹೋಗ್ಯಾನೆ ನನ್ನ ತಮ್ಮ. ಗಾಳಿ ಒಳಗೆ ಬಂದೀತು ಅಂತ. ಅಂಥಾ ಡ್ಯೂಟಿ ಅವನದು." ಜನ ಹೌದು ಹೌದು ಅಂದರು. ಸಂಸ್ಥೆಯಲ್ಲಿ ಸಭೆ ಮಾಡಿ ಅದನ್ನೇ ಹಿಂದಿಯಲ್ಲಿ ಹೇಳಿದರು. ಹಾರ ಹಾಕಿದರು.

ನನಗೆ ಆ ಮಾತು ಮುಳ್ಳಾಯಿತು. ಎದೆ ನೋಯುವಾಗ ಎದ್ದು ಬಾಗಿಲವರೆಗೆ ಬಂದ ಮನುಷ್ಯ, ಕದ ದೂಡುವುದು ಬಿಟ್ಟು ಬಟ್ಟೆ ತುರುಕಿದರೇ? ಒಂದು ಹಿಡಿ ಧೂಳಿಗಾಗಿ? ಹಾಗಾದರೆ ನನ್ನ ನೆನಪು ಅವರಿಗೆ ಬರಲೇ ಇಲ್ಲ. ಇಲ್ಲ, ಆ ಬಟ್ಟೆಯನ್ನು ಎಳೆಯುತ್ತಿದ್ದರೇ? ಏಳಲಾಗದೆ, ಸಂದಿನಿಂದ ಕೂಗಲು? ಮುಷ್ಟಿಯಲ್ಲಿದ್ದ ಬಟ್ಟೆ ಎರಡಕ್ಕೂ ಒಂದೇ ಥರ ಕಾಣುತ್ತದೆ. ತುರುಕುತ್ತಿದ್ದರೋ ಎಳೆಯುತ್ತಿದ್ದರೋ. ಆರು ತಿಂಗಳು ಇದೊಂದೇ. ಪಾತ್ರೆ ತೊಳೆಯುವಾಗ ಇದು, ಬಸ್ಸಿನಲ್ಲಿ ಇದು. ಕೆಲವು ದಿನ ಅವರ ಫೋಟೋದ ಮೇಲೆ ಸಿಟ್ಟು ಬಂದು ಹೂ ಏರಿಸುತ್ತಿರಲಿಲ್ಲ.

ಹಂಸಾಗೆ ಹೇಳಿದೆ. "ಮಾ, ಮತ್ ಸೋಚೋ, ಯೋಚನೆ ಮಾಡಬೇಡ," ಎಂದಳು. "ತಟ್ಟಬೇಡ ಅಂತ ಪಪ್ಪಾನೇ ಬರೆದಿದ್ರು. ತುಮ್ಹಾರೀ ಗಲ್ತೀ ನಹೀಂ ಹೈ."

ನಾನು ಕೇಳಿದ್ದು ನನ್ನ ತಪ್ಪಿನ ಮಾತಲ್ಲ. ಅವಳಿಗೆ ಅದು ತಿಳಿಯಲಿಲ್ಲ. ಬಿಟ್ಟೆ.

ಧಾರಿಣಿ ನನ್ನ ಕಂಡರೆ ದೂರ ಸರಿಯುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಒಮ್ಮೆ ನನ್ನನ್ನು ನೋಡಿಯೂ ತರಕಾರಿ ಗಾಡಿಯ ಹಿಂದೆ ಹೋದಳು. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ತಾನಾಗಿ ಮನೆಗೆ ಬಂದಳು. ಬಗಲಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ನನ್ನ ಧೂಳಿನ ಡಬ್ಬಿ.

"ಇದು ನಿಮ್ಮದು, ಕೊಡೋಣ ಅಂತ ಬಂದೆ," ಎಂದಳು.

"ಡಬ್ಬಿ ಕೊಡೋಕೆ ಆರು ತಿಂಗಳು ಬೇಕಾಯ್ತಾ?"

ತಲೆ ತಗ್ಗಿಸಿದಳು. ಮಂಡಕ್ಕಿ ಕೊಟ್ಟೆ, ಚಹಾ ಇಟ್ಟೆ. ಚಹಾ ಮುಗಿಸಿ ಲೋಟ ಪಕ್ಕಕ್ಕಿಟ್ಟಳು.

"ಅಮ್ಮ, ಅವತ್ತು ಕ್ಯಾಮೆರಾ ಆನ್ ಇತ್ತು."

"ಅವರು ಕಾಣ್ತಾರಾ?"

"ಇಲ್ಲ. ತಟ್ಟೆ ಮಾತ್ರ ಕಾಣುತ್ತೆ. ಸದ್ದೂ ಇಲ್ಲ. ಧೂಳು, ಹೊಗೆ ಅಷ್ಟೇ. ಪೊಲೀಸರು ನೋಡಿ, ಇದರಲ್ಲಿ ಏನಿಲ್ಲ ಅಂತ ವಾಪಸ್ ಕೊಟ್ಟರು. ನಾನು ನೋಡಿದೆ. ನನಗೆ ಇದೆ ಅನ್ನಿಸ್ತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ."

"ತೋರಿಸು."

ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. ಕರಿಯ ತಟ್ಟೆ, ಹಸಿರು ಬೆಳಕು. ಮೂಲೆಯಲ್ಲಿ ಗಡಿಯಾರದ ಅಂಕಿ. ಹೊಗೆ ಗೆರೆಗೆರೆಯಾಗಿ ಏಳುತ್ತಿತ್ತು, ಹಂಚಿನ ಮೇಲೆ ಕಂಡ ಹಾಗೇ. ಗೆರೆಗಳು ಸೇರುತ್ತಿದ್ದವು, ಬಿಡುತ್ತಿದ್ದವು. ಹನ್ನೆರಡು ನಲವತ್ತಕ್ಕೆ ಎಲ್ಲ ಒಮ್ಮೆಲೇ ಒಂದು ಕಡೆಗೆ ಬಾಚಿ ಹೋಯಿತು. ಯಾರೋ ಸೆರಗು ಬೀಸಿದ ಹಾಗೆ.

"ಆಗ ಎದ್ದಿದಾರೆ," ಎಂದಳು. "ಎದ್ದು ಬಿದ್ದಿದಾರೆ."

ಆಮೇಲೆ ನಿಧಾನವಾಗಿ ಗೆರೆಗಳು ಮತ್ತೆ ಕೂಡಿಕೊಂಡವು. ನೆಟ್ಟಗೆ ಏಳತೊಡಗಿದವು. ಹನ್ನೆರಡು ಐವತ್ತೆರಡಕ್ಕೆ ಅವೆಲ್ಲ ಸ್ವಲ್ಪ ವಾಲಿದವು. ವಾಲಿದವು ವಾಲಿಯೇ ಉಳಿದವು.

"ಇದು ಬಾಗಿಲ ಕಡೆಯಿಂದ ಬರ್ತಿರೋ ಗಾಳಿ," ಎಂದಳು ಧಾರಿಣಿ. "ಅಲ್ಲಿವರೆಗೆ ಇರಲಿಲ್ಲ, ಆಮೇಲೆ ನಿಂತಿಲ್ಲ. ಸಂದು ತೆರೆದಿದೆ ಅಮ್ಮ. ಬಟ್ಟೆ ತುರುಕಿದ್ರೆ ಹೀಗೆ ಆಗೋಕೆ ಸಾಧ್ಯವೇ ಇಲ್ಲ. ಅಂಕಲ್ ಬಟ್ಟೆ ಎಳೆದಿದಾರೆ."

ನಾನು ಇನ್ನೊಂದು ಸಲ ಹಾಕು ಅಂದೆ. ಹಾಕಿದಳು. ಮತ್ತೊಂದು ಸಲ ಅಂದೆ. ಮೂರು ಸಲ ನೋಡಿದೆ. ಮೂರು ಸಲವೂ ಐವತ್ತೆರಡಕ್ಕೇ ವಾಲಿತು.

ಹೊರಗೆ ಬರಬೇಕಾಗಿತ್ತು ಅವರಿಗೆ. ಆರು ತಿಂಗಳು ನಾನು ಅವರ ಮೇಲೆ ಇಲ್ಲದ್ದು ಹೊರಿಸಿದ್ದೆ. ಎದ್ದು ಹೋಗಿ ಮುಖ ತೊಳೆದು ಬಂದೆ.

"ಇನ್ನೂ ಇದೆ," ಎಂದಳು. "ಬೇಡ ಅಂದ್ರೆ ಮುಚ್ಚಿಬಿಡ್ತೀನಿ."

"ಎಲ್ಲಾ ತೋರಿಸು."

ಒಂದು ಗಂಟೆ ಎರಡು ನಿಮಿಷಕ್ಕೆ ಓರೆಯಾದ ಗೆರೆಗಳು ಒಂದು ಕಡೆ ಸೇರಿದವು. ಸುತ್ತಿಕೊಂಡವು. ನಡುವೆ ಸಣ್ಣ ಕಪ್ಪು ಚುಕ್ಕೆ, ಸುತ್ತಲೂ ನನ್ನ ಧೂಳು. ಸುಳಿ ಎದ್ದಿತು. ಇಪ್ಪತ್ತು ಸೆಕೆಂಡು ಆಯಿತು, ನಲವತ್ತೊಂದು ದಾಟಿತು. ಒಂದು ನಿಮಿಷ. ಎರಡು. ಬೀಳಲಿಲ್ಲ. ಒಂದೇ ಜಾಗದಲ್ಲಿ ನಿಂತು ತಿರುಗುತ್ತಿತ್ತು. ನಾಲ್ಕು ವರ್ಷ ಇವರು ಕೂತು ಕಾದದ್ದು ಇದಕ್ಕೆ.

"ನಾವು ಗಾಳಿ ಬರಲೇಬಾರದು ಅಂತಿದ್ವಿ," ಎಂದಳು ಧಾರಿಣಿ. "ತಪ್ಪು ನಮ್ಮದು. ತುಸು ಓರೆ ಗಾಳಿ ಬೇಕಾಗಿತ್ತು, ಅದೇ ತಿರುವು ಕೊಡೋದು. ಅಷ್ಟು ಗಾಳಿ ಆ ಸಂದಿನಿಂದ ಬಂತು ಅಂತ ಕಾಣುತ್ತೆ."

ಮೂರು ನಿಮಿಷ ಹನ್ನೆರಡು ಸೆಕೆಂಡು ಆದ ಮೇಲೆ ಸುಳಿ ತಟ್ಟನೆ ಸಡಿಲಾಯಿತು. ಬಿದ್ದಿತು. ಗೆರೆಗಳು ಮತ್ತೆ ನೆಟ್ಟಗಾದವು. ಅಂಕಿ ಒಂದು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಒಂದು ನಿಮಿಷ ನೆಟ್ಟಗೆ ಇದ್ದು, ಪುನಃ ವಾಲಿದವು.

"ಇಲ್ಲಿ ಒಂದು ನಿಮಿಷ ಗಾಳಿ ಯಾಕೆ ನಿಂತಿತು ಅಂತ ನನಗೆ ಗೊತ್ತಾಗಿಲ್ಲ," ಎಂದಳು.

ನನಗೆ ಗೊತ್ತಾಯಿತು. ಗೇಟಿನ ಪುಸ್ತಕದಲ್ಲಿ ನನ್ನ ಸಹಿ ಇದೆ. ಒಂದು ಗಂಟೆ ಮೂರು ನಿಮಿಷ. ಅಲ್ಲಿಂದ ಬಾಗಿಲಿಗೆ ಎರಡು ನಿಮಿಷದ ದಾರಿ.

"ನಾನು ಉಟ್ಟಿದ್ದ ಸೀರೆ ಅದು," ಅಂದೆ. "ಸಂದಿಗೆ ಅಡ್ಡ ನಿಂತಿದ್ದೆ."

ಧಾರಿಣಿ ನನ್ನ ಮುಖ ನೋಡಿದಳು. ಆಮೇಲೆ ಅತ್ತಳು. ನಾನು ಅಳಲಿಲ್ಲ. ಕೆಳಗೆ ನೋಡಿದ್ದರೆ ಬಟ್ಟೆ ಸರಿದದ್ದು ನನಗೆ ಕಾಣುತ್ತಿತ್ತು. ನಾನು ಬೋರ್ಡು ನೋಡಿದೆ.

"ಆಗ ಅವರಿಗೆ ಜೀವ ಇತ್ತಾ?"

"ಐವತ್ತೆರಡಾದ ಮೇಲೆ ಏನೂ ಅಲ್ಲಾಡಿಲ್ಲ ಅಮ್ಮ. ಅಲ್ಲಾಡಿದ್ದರೆ ಧೂಳು ಹೇಳ್ತಿತ್ತು."

ಅವಳು ಸಮಾಧಾನಕ್ಕೆ ಹೇಳಿದಳು. ಆದರೆ ಅಲ್ಲಾಡದೆ ಇರುವುದೇ ಅವರ ಕೆಲಸ. ಜೀವ ಇಟ್ಟುಕೊಂಡೇ ನಾಲ್ಕು ವರ್ಷ ಅದನ್ನೇ ಕಲಿತಿದ್ದರು. ಇದನ್ನು ಧೂಳು ಹೇಳಲಾರದು. ಸಂದಿನಲ್ಲಿ ನನ್ನ ಸೀರೆಯ ಅಂಚು ಕಂಡರೋ, ಕಾಣುವ ಮೊದಲೇ ಹೋಗಿದ್ದರೋ. ಅದು ನನಗೆ ಗೊತ್ತಾಗುವುದಿಲ್ಲ. ಆ ಹುಡುಗಿಗೆ ಇದನ್ನು ಹೇಳಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಆ ಮೂರು ನಿಮಿಷ ನನ್ನ ಕೆಲಸದಲ್ಲಿ ಸೇರಿಸಬಹುದಾ? ನೀವು ಬೇಡ ಅಂದ್ರೆ ಇವತ್ತೇ ಅಳಿಸ್ತೀನಿ. ಪ್ರಾಜೆಕ್ಟೂ ಬಿಡ್ತೀನಿ."

"ಅಳಿಸಿದ್ರೆ ಅವರು ಕೂತಿದ್ದು ಯಾತಕ್ಕೆ? ಸೇರಿಸು. ಅವರ ಹೆಸರು ಬರಿ. ಅಟೆಂಡರ್ ಅಂತ ಬರೀಬೇಡ, ಹೆಸರು ಬರಿ."

"ಬರೀತೀನಿ. ಪ್ರಯೋಗ ಮತ್ತೆ ಮಾಡಬೇಕಾಗುತ್ತೆ. ಸಂದು ಸ್ವಲ್ಪ ಬಿಟ್ಟು, ಸ್ವಲ್ಪ ಮುಚ್ಚಿ, ಬಹಳ ಸಲ. ಒಳಗೆ ನಾನೇ ಕೂರ್ತೀನಿ."

"ಆ ಡಬ್ಬಿ ಇಲ್ಲೇ ಇಟ್ಟು ಹೋಗು," ಅಂದೆ.

ಬಳೆ ತೆಗೆ ಅಂತ ಊರಲ್ಲಿ ಹೇಳಿದ್ದರು. ತೆಗೆದಿಲ್ಲ. ಮೇಲಕ್ಕೆ ಏರಿಸಿಕೊಳ್ಳುವುದೂ ಇಲ್ಲ.

ಈಗ ದಿನಾ ಐದೂವರೆಗೆ ಏಳುತ್ತೇನೆ. ಬಾಲ್ಕನಿಯ ಕಟ್ಟೆ ಗುಡಿಸುತ್ತೇನೆ. ಪಂಚೆಯ ತುಂಡನ್ನು ಡಬ್ಬಿಯ ಬಾಯಿಗೆ ಕಟ್ಟಿ ಸೋಸುತ್ತೇನೆ. ಎಂಟು ಗಂಟೆಗೆ, ಹೀಟರ್ ಹಾಕುವ ಮೊದಲು, ಡಬ್ಬಿ ಹಿಡಿದು ಲ್ಯಾಬಿಗೆ ಹೋಗುತ್ತೇನೆ. ಬೋರ್ಡು ಅಲ್ಲೇ ಇದೆ. ಕೆಳಗಿನ ಅಕ್ಷರವನ್ನು ಒರೆಸಲು ನಾನು ಬಿಟ್ಟಿಲ್ಲ. ಅದನ್ನು ಓದಿ, ಬಾಗಿಲು ತಟ್ಟುತ್ತೇನೆ. ಒಳಗಿಂದ ಧಾರಿಣಿ "ಇದ್ದೀನಿ ಅಮ್ಮ" ಅನ್ನುವವರೆಗೆ ತಟ್ಟುತ್ತೇನೆ. ಆಮೇಲೆ ಡಬ್ಬಿಯನ್ನು ಸ್ಟೂಲಿನ ಮೇಲೆ ಇಟ್ಟು ಬರುತ್ತೇನೆ.